ರೈಫಲ್ ನಳಿಗೆಯಡಿಯ ಗ್ರೆನೇಡ್ ಲಾಂಚರ್

ಗ್ರೆನೇಡನ್ನು ಕೈಯಿಂದ ಎಸೆದರೆ ಮೂವತ್ತು–ನಲವತ್ತು ಮೀಟರ್ ಹೋದೀತು. ಅದರಾಚೆ, ಮಾರ್ಟರಿನ ಕೆಲಸ ಶುರುವಾಗುವ ತನಕದ ತೆರವನ್ನು ತುಂಬುವುದೇ ರೈಫಲ್ ನಳಿಗೆಯ ಕೆಳಗೆ ಜೋಡಿಸುವ ಲಾಂಚರ್.

   

ಭಾರದ ಗುಂಡನ್ನು ಹಗುರ ಬಂದೂಕಿನಿಂದ ಹಾರಿಸಿದರೆ ಹಿಂದೊದೆತಕ್ಕೆ ಹೆಗಲು ತಡೆಯದು. ಇದಕ್ಕೆ ಪರಿಹಾರ ಎರಡನೆಯ ಮಹಾಯುದ್ಧದ ಕಾಲದ ಜರ್ಮನ್ ಉಪಾಯ: ಮದ್ದು ಗಟ್ಟಿಯಾದ ಪುಟ್ಟ ಕೋಣೆಯಲ್ಲಿ ಉರಿಯುತ್ತದೆ, ಅನಿಲ ಸಣ್ಣ ರಂಧ್ರಗಳಿಂದ ದೊಡ್ಡ ಕೋಣೆಗೆ ನುಗ್ಗಿ ಒತ್ತಡ ಇಳಿಯುತ್ತದೆ, ಗುಂಡು ಮೆಲ್ಲಗೆ ಹೊರಡುತ್ತದೆ. ಅಮೆರಿಕದ 40 ಮಿ.ಮೀ. ಗ್ರೆನೇಡಿನ ವೇಗ ಸೆಕೆಂಡಿಗೆ ಸುಮಾರು 76 ಮೀಟರ್ ಮಾತ್ರ. ಅದು ಕಮಾನಿನಂತೆ ಬಾಗಿ ಬೀಳುವುದರಿಂದ ಗುರಿ ಹಿಡಿಯಲು ಬೇರೆಯೇ ಸೈಟ್ ಬೇಕು. ಹಾರಿಸಿದವನ ಜೀವ ಉಳಿಸುವುದು ಫ್ಯೂಸ್. ಗ್ರೆನೇಡ್ ಒಂದಷ್ಟು ದೂರ ಸಾಗುವವರೆಗೆ ಅದು ಜಾಗೃತವಾಗುವುದಿಲ್ಲ.

1961ರ ಹೊತ್ತಿಗೆ ಅಮೆರಿಕದ ಸೇನೆಗೆ ಬಂದ ಎಂ79 ಪ್ರತ್ಯೇಕ ಬಂದೂಕು. ಅದನ್ನು ಹೊತ್ತ ಸೈನಿಕನಿಗೆ ರೈಫಲ್ ಇರುತ್ತಿರಲಿಲ್ಲ, ಪಿಸ್ತೂಲೇ ಗತಿ. ವಿಯೆಟ್ನಾಂ ಯುದ್ಧದಲ್ಲಿ ಈ ಕೊರತೆ ಎದ್ದು ಕಂಡದ್ದರಿಂದ ಎಂ16 ರೈಫಲ್‌ಗೆ ಜೋಡಿಸುವ ಎಂ203 ಬಂತು. ನಳಿಗೆಯನ್ನು ಮುಂದಕ್ಕೆ ಜಾರಿಸಿ ಅದಕ್ಕೆ ಗ್ರೆನೇಡ್ ತುಂಬುತ್ತಾರೆ. ಸೋವಿಯತ್ ಜಿಪಿ-25ಕ್ಕೆ ಬಾಯಿಂದಲೇ ತುಂಬಬೇಕು. ಹಾರಿದ ಮೇಲೆ ಖಾಲಿ ತೋಟೆ ಉಳಿಯದ ಕಾರಣ ಕೈ ಬೇಗ ಓಡುತ್ತದೆ.

ಭಾರತದಲ್ಲಿ ಪುಣೆಯ ಡಿಆರ್‌ಡಿಒ ಪ್ರಯೋಗಾಲಯ ಎಆರ್‌ಡಿಇ ಇನ್ಸಾಸ್ ಮತ್ತು ಎಕೆ ರೈಫಲ್‌ಗಳಿಗೆ ಹೊಂದುವ 40 ಮಿ.ಮೀ. ಲಾಂಚರ್ ರೂಪಿಸಿತು, ತಯಾರಾದದ್ದು ತಿರುಚಿರಾಪಳ್ಳಿಯ ಸರ್ಕಾರಿ ಕಾರ್ಖಾನೆಯಲ್ಲಿ. ಅದರ ವ್ಯಾಪ್ತಿ ಸುಮಾರು 400 ಮೀಟರ್.