ತಮ್ಮ ಪಠ್ಯಪುಸ್ತಕ ತಾವೇ ಬರೆಯುವ ಐದನೇ ತರಗತಿ

ವಾಲ್ಡಾರ್ಫ್ ಶಾಲೆಗಳಲ್ಲಿ ಐದನೇ ತರಗತಿಯ ದಿನ ಶುರುವಾಗುವುದು ಸುಮಾರು ಎರಡು ಗಂಟೆಯ ‘ಮುಖ್ಯ ಪಾಠ’ದಿಂದ. ಮೂರ್ನಾಲ್ಕು ವಾರ ಒಂದೇ ವಿಷಯ. ಅಚ್ಚಾದ ಪಠ್ಯಪುಸ್ತಕವನ್ನು ಸಾಮಾನ್ಯವಾಗಿ ಬಳಸುವುದಿಲ್ಲ. ಶಿಕ್ಷಕರಿಂದ ಕೇಳಿದ್ದನ್ನು ಮಕ್ಕಳು ಮರುದಿನ ನೆನಪಿನಿಂದ ಹೇಳುತ್ತಾರೆ, ಆಮೇಲೆ ದೊಡ್ಡ ನೋಟ್‌ಬುಕ್ಕಿನಲ್ಲಿ ಬರೆದು ಬಣ್ಣದ ಚಿತ್ರ ಬಿಡಿಸುತ್ತಾರೆ. ಅದೇ ಅವರ ಪುಸ್ತಕ.

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಎಮಿಲ್ ಮೋಲ್ಟ್ ಎಂಬ ಸಿಗರೇಟು ಕಾರ್ಖಾನೆ ಮಾಲೀಕ, ತನ್ನ ಕಾರ್ಮಿಕರ ಮಕ್ಕಳಿಗಾಗಿ ಶಾಲೆ ಕಟ್ಟಿಕೊಡಿ ಎಂದು ತತ್ತ್ವಚಿಂತಕ ರುಡಾಲ್ಫ್ ಸ್ಟೈನರ್‌ನನ್ನು ಕೇಳಿದ್ದರಿಂದ 1919ರಲ್ಲಿ ಈ ಪದ್ಧತಿ ಹುಟ್ಟಿತು.

ಐದನೇ ತರಗತಿಯ ಇತಿಹಾಸ ಪ್ರಾಚೀನ ಭಾರತದಿಂದ ಆರಂಭವಾಗುತ್ತದೆ. ರಾಮ, ಪಾಂಡವರು, ಬುದ್ಧನ ಕತೆಗಳನ್ನು ಯುರೋಪು, ಅಮೆರಿಕದ ಮಕ್ಕಳೂ ಕೇಳುತ್ತಾರೆ. ಮುಂದೆ ಪರ್ಷಿಯಾ, ಮೆಸೊಪೊಟೇಮಿಯಾ, ಈಜಿಪ್ಟ್, ಗ್ರೀಸ್. ಈ ಸಾಲು ಸ್ಟೈನರ್‌ನ ತತ್ತ್ವಚಿಂತನೆಯಿಂದ ಬಂದದ್ದು, ಇತಿಹಾಸಕಾರರು ಹಾಕಿಕೊಟ್ಟ ಕ್ರಮವಲ್ಲ. ಅದನ್ನು ಪೋಷಕರು ತಿಳಿದಿರುವುದು ಒಳ್ಳೆಯದು.

ನನ್ನ ಮಟ್ಟಿಗೆ ಈ ವರ್ಷದ ಅತ್ಯುತ್ತಮ ಭಾಗ ಸಸ್ಯಶಾಸ್ತ್ರ. ಅಣಬೆ, ಪಾಚಿ, ಕಲ್ಲುಹೂವು, ಹಾವಸೆ, ಜರೀಗಿಡ, ಪೈನ್ ದಾಟಿ ಕೊನೆಗೆ ಹೂ ಬಿಡುವ ಗಿಡಕ್ಕೆ ಬರುತ್ತಾರೆ. ಕಿತ್ತು ತಂದ ಗಿಡವನ್ನು ಮೇಜಿನ ಮೇಲಿಟ್ಟು ಕಲಿಸಬೇಡಿ ಎಂದು ಸ್ಟೈನರ್ ಶಿಕ್ಷಕರಿಗೆ ಒತ್ತಿ ಹೇಳಿದ್ದ. ತಲೆಯಿಂದ ಕಿತ್ತ ಕೂದಲಿನಂತೆ, ಮಣ್ಣು ಬಿಟ್ಟ ಗಿಡಕ್ಕೂ ಅರ್ಥವಿಲ್ಲ ಎಂಬುದು ಅವನ ವಾದ. ಹಾಗಾಗಿ ಮಕ್ಕಳೇ ಗಿಡವಿರುವಲ್ಲಿಗೆ ಹೋಗುತ್ತಾರೆ. ಬಿಸಿಲಲ್ಲಿ ನೆಲಕ್ಕಂಟಿ ಹರಡಿದ ಡ್ಯಾಂಡೆಲಿಯನ್ ಗಿಡ, ನೆರಳಲ್ಲಿ ಎಲೆಗಳನ್ನು ಉದ್ದವಾಗಿ ಮೇಲೆತ್ತಿರುತ್ತದೆ. ಎರಡನ್ನೂ ಬಿಡಿಸಿದ ಮಗುವಿಗೆ ಬೆಳಕಿನ ಪ್ರಭಾವವನ್ನು ಬೇರೆ ವಿವರಿಸಬೇಕಿಲ್ಲ.

ಗಣಿತದಲ್ಲಿ ದಶಮಾಂಶ, ಕೈಕೆಲಸದಲ್ಲಿ ಉಣ್ಣೆಯ ಕಾಲುಚೀಲ. ನಾಲ್ಕೈದು ಕಡ್ಡಿಗಳಲ್ಲಿ ಸುತ್ತಾಗಿ ಹೆಣೆಯುತ್ತ ಹಿಮ್ಮಡಿಯ ಹತ್ತಿರ ಬಂದಾಗ ಕುಣಿಕೆಗಳನ್ನು ಎಣಿಸಿ ಕಡಿಮೆ ಮಾಡುತ್ತಾ ಹೆಣಿಗೆ ತಿರುಗಿಸಬೇಕು. ಲೆಕ್ಕ ತಪ್ಪಿದರೆ ಬಿಚ್ಚಿ ಮತ್ತೆ ಹೆಣೆಯಬೇಕು. ಹುಡುಗರಿಗೂ ಇದರಿಂದ ವಿನಾಯಿತಿ ಇಲ್ಲ.

ಗ್ರೀಸ್ ಪಾಠ ಬಯಲಿನಲ್ಲಿ ಮುಗಿಯುತ್ತದೆ. ಅನೇಕ ಕಡೆ ಸುತ್ತಲಿನ ಶಾಲೆಗಳ ಐದನೇ ತರಗತಿಯವರು ಸೇರಿ ಓಟ, ಉದ್ದ ಜಿಗಿತ, ಕುಸ್ತಿ, ಚಕ್ರ ಎಸೆತ, ಜಾವೆಲಿನ್ ಎಂಬ ಐದು ಆಟಗಳ ಕೂಟ ನಡೆಸುತ್ತಾರೆ. ಶಾಲಾವಾರು ತಂಡ ಕಟ್ಟದೆ ಮಕ್ಕಳನ್ನು ಬೆರೆಸಿ ಅಥೆನ್ಸ್, ಸ್ಪಾರ್ಟಾ ಎಂದು ಹೆಸರಿಡುತ್ತಾರೆ; ನಿನ್ನೆಯವರೆಗೆ ಪರಿಚಯವಿಲ್ಲದವರು ಒಂದೇ ಊರಿನವರಾಗುತ್ತಾರೆ. ಜಾವೆಲಿನ್ ಎಷ್ಟು ದೂರ ಹೋಯಿತು ಎಂಬುದರ ಜೊತೆಗೆ, ಎಸೆಯುವಾಗ ಮಗು ಎಷ್ಟು ಚೆಂದವಾಗಿ ನಿಂತಿತ್ತು ಎಂಬುದನ್ನೂ ತೀರ್ಪುಗಾರರು ನೋಡುತ್ತಾರೆ.