ಅಮೆರಿಕದ ಚಿಲ್ಲರೆಯಲ್ಲಿ ಬೆಳ್ಳಿ ಹುಡುಕುವ ಬಗೆ

ನಾಣ್ಯ ಸಂಗ್ರಹಕ್ಕೆ ದುಡ್ಡು ಸುರಿಯಲೇಬೇಕೆಂದೇನಿಲ್ಲ. ಅಮೆರಿಕದ ಎಷ್ಟೋ ಹವ್ಯಾಸಿಗಳು ಬ್ಯಾಂಕಿಗೆ ಹೋಗಿ, ಕಾಗದದಲ್ಲಿ ಸುತ್ತಿಟ್ಟ ಚಿಲ್ಲರೆಯ ರೋಲ್‌ಗಳನ್ನು ಮುಖಬೆಲೆಗೇ ಕೊಂಡು ತರುತ್ತಾರೆ. ಹತ್ತು ಸೆಂಟಿನ 50 ಡೈಮ್‌ಗಳ ರೋಲ್‌ಗೆ 5 ಡಾಲರ್, ಇಪ್ಪತ್ತೈದು ಸೆಂಟಿನ 40 ಕ್ವಾರ್ಟರ್‌ಗಳದ್ದಕ್ಕೆ 10 ಡಾಲರ್. ಬೇಕಾದದ್ದನ್ನು ಆರಿಸಿಕೊಂಡು ಮಿಕ್ಕದ್ದನ್ನು ಬ್ಯಾಂಕಿಗೆ ಕಟ್ಟಿದರೆ ಕೈಯಿಂದ ಹೋಗುವುದು ಸಮಯ ಮಾತ್ರ. ಬೇರೆ ಶಾಖೆಗೆ ಕಟ್ಟುವುದು ಜಾಣತನ; ಇಲ್ಲವಾದರೆ ಮುಂದಿನ ವಾರ ಅದೇ ನಾಣ್ಯಗಳು ಮತ್ತೆ ನಿಮ್ಮ ಮೇಜಿಗೇ ಬಂದಾವು!

ಡೈಮ್, ಕ್ವಾರ್ಟರ್‌ಗಳಲ್ಲಿ ಮೊದಲು ನೋಡಬೇಕಾದದ್ದು ಮುಖವನ್ನಲ್ಲ, ಅಂಚನ್ನು. 1964 ಮತ್ತು ಅದಕ್ಕೂ ಹಿಂದಿನ ಇಸವಿಯವು ಶೇ. 90ರಷ್ಟು ಬೆಳ್ಳಿ. 1965ರ ನಾಣ್ಯ ಕಾಯ್ದೆಯ ನಂತರದವುಗಳಲ್ಲಿ ನಡುವೆ ತಾಮ್ರ, ಮೇಲೆ ಕೆಳಗೆ ತಾಮ್ರ-ನಿಕಲ್ ಮಿಶ್ರಲೋಹದ ಪದರ. ರೋಲ್ ಬಿಚ್ಚಿ ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿ ಪಕ್ಕದಿಂದ ನೋಡಿ: ಹೊಸವುಗಳ ಅಂಚಿನಲ್ಲಿ ಕಂದುಗೆಂಪು ಗೆರೆ ಕಾಣುತ್ತದೆ. ಅವುಗಳ ನಡುವೆ ಅಂಚು ಪೂರ್ತಿ ಬಿಳಿಯಾಗಿರುವ ನಾಣ್ಯವಿದ್ದರೆ ಹೊರಗೆಳೆದು ಇಸವಿ ಓದಿ. ಸಿಗುವುದು ಅಪರೂಪ, ಹತ್ತಾರು ರೋಲ್ ಬಿಚ್ಚಿದರೂ ಒಂದೂ ಸಿಗದಿರಬಹುದು.

ಐದು ಸೆಂಟಿನ ನಿಕಲ್‌ಗೆ ಈ ಪರೀಕ್ಷೆ ನಡೆಯದು. ಎರಡನೇ ಮಹಾಯುದ್ಧದಲ್ಲಿ ನಿಕಲ್ ಲೋಹ ಯುದ್ಧಸಾಮಗ್ರಿಗೆ ಬೇಕಾಗಿದ್ದರಿಂದ 1942ರ ಅಕ್ಟೋಬರ್‌ನಿಂದ 1945ರವರೆಗೆ ಇದಕ್ಕೆ ಶೇ. 35ರಷ್ಟು ಬೆಳ್ಳಿ ಬೆರೆಸಿದರು. ಹಿಂಬದಿಯಲ್ಲಿರುವ, ಮಾಜಿ ಅಧ್ಯಕ್ಷ ಜೆಫರ್ಸನ್‌ರ ಮನೆ ಮಾಂಟಿಚೆಲ್ಲೊದ ಗುಮ್ಮಟದ ಮೇಲೆ ದೊಡ್ಡದಾಗಿ ಪಿ, ಡಿ ಅಥವಾ ಎಸ್ ಅಕ್ಷರವಿದ್ದರೆ ಅದು ಯುದ್ಧಕಾಲದ್ದು.

ಆ ಅಕ್ಷರ ಟಂಕಸಾಲೆಯ ಗುರುತು: ಪಿ ಫಿಲಡೆಲ್ಫಿಯಾ, ಡಿ ಡೆನ್ವರ್, ಎಸ್ ಸ್ಯಾನ್ ಫ್ರಾನ್ಸಿಸ್ಕೊ. ವೆಸ್ಟ್ ಪಾಯಿಂಟ್‌ನ ಡಬ್ಲ್ಯು ಗುರುತಿನ ಕ್ವಾರ್ಟರ್‌ಗಳನ್ನು 2019, 2020ರಲ್ಲಿ ಹವ್ಯಾಸಿಗಳು ಹುಡುಕಲೆಂದೇ ಚಲಾವಣೆಗೆ ಬಿಟ್ಟರು. ಒಂದೊಂದು ವಿನ್ಯಾಸದಲ್ಲಿ 20 ಲಕ್ಷ ಮಾತ್ರ. ಮಕ್ಕಳಿಗೆ ಹವ್ಯಾಸ ಹಚ್ಚಲು 1999ರಿಂದ 2008ರವರೆಗೆ ಬಂದ 50 ರಾಜ್ಯಗಳ ಕ್ವಾರ್ಟರ್‌ಗಳೇ ವಾಸಿ. ಎಲ್ಲವೂ ಚಿಲ್ಲರೆಯಲ್ಲೇ ಸಿಗುತ್ತವೆ.

ಚಲಾವಣೆಗೆಂದು ಒಂದು ಸೆಂಟಿನ ಪೆನ್ನಿ ಟಂಕಿಸುವುದು 2025ರ ನವೆಂಬರ್‌ಗೆ ನಿಂತಿತು. ಹಾಗೆಂದು ಡಬ್ಬಿಗಟ್ಟಲೆ ಕೂಡಿಡಬೇಡಿ. ಕೋಟ್ಯಂತರ ಪೆನ್ನಿಗಳು ಜನರ ಮನೆಗಳಲ್ಲೇ ಬಿದ್ದಿವೆ. 1958 ಮತ್ತು ಅದಕ್ಕೂ ಹಿಂದಿನ, ಬೆನ್ನಿಗೆ ಗೋಧಿ ತೆನೆಯಿರುವವನ್ನು ಎತ್ತಿಟ್ಟುಕೊಳ್ಳಿ. 1943ರ ಉಕ್ಕಿನ ಪೆನ್ನಿ ಅಯಸ್ಕಾಂತಕ್ಕೆ ಅಂಟುತ್ತದೆ.

ಸಿಕ್ಕಿದ್ದನ್ನು ಹುಣಸೆಹಣ್ಣು ಹಚ್ಚಿ ಬೆಳಗಲು ಮಾತ್ರ ಹೋಗಬೇಡಿ. ಉಜ್ಜಿ ಹೊಳಪಿಸಿದ ನಾಣ್ಯದ ಬೆಲೆ ಸಂಗ್ರಾಹಕರ ಕಣ್ಣಿನಲ್ಲಿ ಇಳಿಯುತ್ತದೆ. ಅಂಚು ಹಿಡಿದು ಎತ್ತಿ, ಪಿವಿಸಿ ಇಲ್ಲದ ಕವರಿನಲ್ಲಿಡಿ.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗಿಬಂದವರ ಬ್ಯಾಗಿನಲ್ಲಿ ಚಿಲ್ಲರೆ ಉಳಿದೇ ಇರುತ್ತದೆ. ವಿದೇಶಿ ನಾಣ್ಯಗಳನ್ನು ಇಲ್ಲಿನ ಹಣ ವಿನಿಮಯದವರು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಹೇಗೂ ಖರ್ಚಾಗದ ದುಡ್ಡು, ಒಮ್ಮೆ ಮೇಜಿನ ಮೇಲೆ ಸುರಿದು ಅಂಚು ನೋಡಿ.