ಅಂಗಿ ಅವರದು, ಆಯ್ಕೆ ಯಾರದು?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಗೋಡೆಯ ಮೇಲೋ ಬ್ಯಾನರಿನ ಮೇಲೋ ‘ಟೆನಿಸ್’ ಎಂಬ ಪದ ಕಂಡರೆ ಅದರ ಮುಂದೆ ‘ಬಾಲ್ ಕ್ರಿಕೆಟ್ ಪಂದ್ಯಾವಳಿ’ ಎಂದು ಇರುವುದೇ ಹೆಚ್ಚು. ರ್‍ಯಾಕೆಟ್ ಹಿಡಿದು ಆಡುವ ಟೆನಿಸ್ ಕಲಿಯಬೇಕೆಂದರೆ ಸಾಮಾನ್ಯವಾಗಿ ಮೈಸೂರಿನ ಬಸ್ಸು ಹತ್ತಬೇಕು. ಆದರೆ ಆಟ ಕ್ರಿಕೆಟ್ ಆಗಲಿ, ಕಬಡ್ಡಿ, ಕೊಕ್ಕೊ, ವಾಲಿಬಾಲ್ ಆಗಲಿ, ತಂಡ ಕಟ್ಟಿದ ಮರುದಿನ ಏಳುವ ಪ್ರಶ್ನೆ ಒಂದೇ: ಡ್ರೆಸ್ ಯಾವುದು?

ಪ್ರಶ್ನೆ ಕೇಳುವವರು ಮಕ್ಕಳು, ತೀರ್ಮಾನ ಮಾಡುವವರು ದೊಡ್ಡವರು. ದುಡ್ಡು ಕೊಡುವ ದಾನಿಗೆ ತಮ್ಮ ಅಂಗಡಿಯ ಹೆಸರು ದೂರದಿಂದಲೇ ಕಾಣಬೇಕು. ಪಿ.ಟಿ. ಮೇಷ್ಟ್ರಿಗೆ ಪಂದ್ಯದ ಹಿಂದಿನ ದಿನವಾದರೂ ಬಟ್ಟೆ ಕೈಗೆ ಸಿಗಬೇಕು. ಅಪ್ಪನಿಗೆ ಎರಡು ವರ್ಷ ಬಾಳಬೇಕು, ಅಮ್ಮನಿಗೆ ಕೊಳೆ ಬೇಗ ಬಿಡಬೇಕು. ಇವರಲ್ಲಿ ಯಾರೂ ತಪ್ಪು ಹೇಳುತ್ತಿಲ್ಲ. ಆದರೆ ಅದನ್ನು ತೊಟ್ಟು ನೂರು ಜನರ ಎದುರು ನಿಲ್ಲುವವರನ್ನು ಮಾತ್ರ ಯಾರೂ ಕೇಳಿರುವುದಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ವಾಲಿಬಾಲ್ ತಂಡಕ್ಕೆ ಬಂದ ಬನಿಯನ್ನುಗಳೆಲ್ಲ ಒಂದೇ ಅಳತೆಯವು. ಕುಳ್ಳನಾದ ನನಗೆ ಅದು ಮೊಣಕಾಲು ಮುಟ್ಟುತ್ತಿತ್ತು. ಸರ್ವ್ ಮಾಡಲು ಕೈ ಎತ್ತಿದಾಗ ಕೇಳಿಬಂದ ನಗು ಇನ್ನೂ ಕಿವಿಯಲ್ಲಿದೆ. ಆ ಪಂದ್ಯದ ಫಲಿತಾಂಶ ನೆನಪಿಲ್ಲ.

ಹದಿಹರೆಯ ಅಂಥದ್ದು. ಒಪ್ಪದ ಬಟ್ಟೆ ಕೊಟ್ಟರೆ ಹುಡುಗ ಜಗಳ ಆಡುತ್ತಾನೆ. ಹುಡುಗಿ ಹೆಚ್ಚಾಗಿ ಜಗಳ ಆಡುವುದಿಲ್ಲ, ಮೈದಾನಕ್ಕೆ ಬರುವುದನ್ನೇ ಬಿಡುತ್ತಾಳೆ. ಕಾರಣ ಕೇಳಿದರೆ ‘ಹೊಟ್ಟೆನೋವು ಸಾ’ ಎಂಬ ಒಂದೇ ಉತ್ತರ.

ಬಿಳಿ ಯಾಕೆ ಬೇಡ?

ಹೆಣ್ಣುಮಕ್ಕಳ ತಂಡಕ್ಕೆ ಬಿಳಿ ಚಡ್ಡಿಯನ್ನೋ ಬಿಳಿ ಪ್ಯಾಂಟನ್ನೋ ಆರಿಸುವ ಮೊದಲು ಮೇಷ್ಟ್ರುಗಳು ಒಂದು ಸಂಗತಿ ತಿಳಿಯಬೇಕು. 1877ರಲ್ಲಿ ಶುರುವಾದ ವಿಂಬಲ್ಡನ್ ಟೆನಿಸ್ ಬಿಳಿ ಉಡುಪಿನ ವಿಷಯದಲ್ಲಿ ಎಂಥ ಕಟ್ಟುನಿಟ್ಟು ಎಂಬುದು ಎಲ್ಲರಿಗೂ ಗೊತ್ತು. ಆ ವಿಂಬಲ್ಡನ್ ಕೂಡ 2023ರಲ್ಲಿ ಸಡಿಲವಾಯಿತು. ಆಟಗಾರ್ತಿಯರು ಸ್ಕರ್ಟಿನ ಒಳಗೆ ಗಾಢ ಬಣ್ಣದ ಒಳಚಡ್ಡಿ ತೊಡಬಹುದು ಎಂದು ಒಪ್ಪಿಕೊಂಡಿತು. ಮುಟ್ಟಿನ ದಿನಗಳಲ್ಲಿ ಬಿಳಿ ಬಟ್ಟೆಯಲ್ಲಿ ಆಡುವ ಆತಂಕವನ್ನು ಆಟಗಾರ್ತಿಯರು ಬಾಯಿಬಿಟ್ಟು ಹೇಳಿದ್ದರ ಫಲ ಅದು. ಅದೇ ವರ್ಷ ಇಂಗ್ಲೆಂಡಿನ ಮಹಿಳಾ ಫುಟ್‌ಬಾಲ್ ತಂಡವೂ ಬಿಳಿ ಚಡ್ಡಿ ಬಿಟ್ಟು ನೀಲಿಗೆ ಬಂತು. ವಿಶ್ವಮಟ್ಟದ ಆಟಗಾರ್ತಿಯರಿಗೇ ಇರುವ ಆತಂಕ ರತ್ನಪುರಿಯ ಅಥವಾ ಬೆಟ್ಟದಪುರದ ಒಂಬತ್ತನೇ ಕ್ಲಾಸಿನ ಹುಡುಗಿಗೆ ಇರದೆ ಹೋದೀತೆ?

ಕಪ್ಪು, ಗಾಢ ನೀಲಿ, ಮರೂನ್ – ಸೊಂಟದ ಕೆಳಗಿನ ಬಟ್ಟೆಗೆ ಈ ಮೂರರಲ್ಲಿ ಒಂದು ಸಾಕು. ನಮ್ಮ ಕೆಮ್ಮಣ್ಣಿನ ಮೈದಾನಗಳಿಗೂ ಅದೇ ಕ್ಷೇಮ.

ಇನ್ನು ಉದ್ದದ ಮಾತು. 2021ರಲ್ಲಿ ನಾರ್ವೆಯ ಮಹಿಳಾ ಬೀಚ್ ಹ್ಯಾಂಡ್‌ಬಾಲ್ ತಂಡದವರು ನಿಯಮದಲ್ಲಿದ್ದ ಬಿಕಿನಿಯ ಬದಲು ಚಡ್ಡಿ ಹಾಕಿ ಆಡಿದರು. ತಂಡಕ್ಕೆ 1,500 ಯೂರೋ ದಂಡ ಬಿತ್ತು. ಲೋಕವೆಲ್ಲ ನಗಾಡಿದ್ದು ದಂಡ ಹಾಕಿದವರನ್ನು ನೋಡಿ. ಅದೇ ವರ್ಷ ನಿಯಮವೂ ಬದಲಾಯಿತು. ನಮ್ಮಲ್ಲಿ ಒತ್ತಾಯ ಎರಡು ಕಡೆಯಿಂದ ಬರುತ್ತದೆ. ತಂಡದಲ್ಲಿ ಎಲ್ಲರೂ ಚಡ್ಡಿಯನ್ನೇ ಹಾಕಬೇಕು ಎಂಬ ಹಟ ಒಂದು ಕಡೆ, ಚಡ್ಡಿ ಹಾಕುವುದಾದರೆ ಆಟವೇ ಬೇಡ ಎಂಬ ಮನೆಯವರ ಮಾತು ಇನ್ನೊಂದು ಕಡೆ. ನಡುವೆ ಸಿಕ್ಕಿಕೊಳ್ಳುವವಳು ಹುಡುಗಿ. ಬಣ್ಣ ಒಂದೇ ಇರಲಿ. ಅರ್ಧ ತೋಳೋ ತುಂಬು ತೋಳೋ, ಚಡ್ಡಿಯೋ ಟ್ರ್ಯಾಕ್ ಪ್ಯಾಂಟೋ ಅವಳೇ ಹೇಳಲಿ. ಪಂದ್ಯದ ನಿಯಮ ಏನು ಎನ್ನುವುದನ್ನು ಸಂಘಟಕರಲ್ಲಿ ಮೊದಲೇ ಕೇಳಿಕೊಂಡರಾಯಿತು. ಹೇಗೂ ಕೊಕ್ಕೊದಲ್ಲಿ ಮಂಡಿ ಊರಿ ಕೂರಬೇಕು, ಕಂಬದ ಬಳಿ ನೆಲಕ್ಕೆ ಹಾರಬೇಕು. ಮಂಡಿ ಮುಚ್ಚುವ ಬಟ್ಟೆ ಆಟಕ್ಕೇ ಒಳ್ಳೆಯದು.

ಕೊಕ್ಕೊ ಎಂದಾಗ ನೆನಪಾಗುವುದು ಪಕ್ಕದ ತಿ. ನರಸೀಪುರ ತಾಲ್ಲೂಕಿನ ಕುರುಬೂರು. ಆ ಊರಿನ ಬಿ. ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಕೊಕ್ಕೊ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದರು. ಎಂಟನೇ ಕ್ಲಾಸಿನಲ್ಲಿ ಆಟ ಬಿಟ್ಟ ಹುಡುಗಿಗೆ ಅಂಥ ಜೆರ್ಸಿ ತೊಡುವ ದಿನ ಬರಲಾರದು.

ಕೈಯಲ್ಲಿ ಹಿಡಿದು ನೋಡಿ

ಹತ್ತಿ ಮೈಗೆ ಹಿತ, ಆದರೆ ಬೆವರು ಕುಡಿದು ಭಾರವಾಗುತ್ತದೆ, ಒಣಗಲು ಹೊತ್ತು ಬೇಕು. ಜುಲೈ ತಿಂಗಳಲ್ಲಿ ಕೋಟೆ ಕಡೆಯ ಹಾಸ್ಟೆಲು, ಆಶ್ರಮ ಶಾಲೆಗಳಲ್ಲಿ ಒಂದೇ ಜೊತೆ ಆಟದ ಬಟ್ಟೆ ಇರುವ ಮಗು ಅದನ್ನು ಒಗೆದು ಹಾಕಿದರೆ ಮರುದಿನ ಒದ್ದೆ ಅಂಗಿಯೇ ಗತಿ. ಪಾಲಿಯೆಸ್ಟರ್ ಹೆಣಿಗೆಯ ಬಟ್ಟೆ ಬೇಗ ಒಣಗುತ್ತದೆ. ಅದರ ದೋಷವೆಂದರೆ ಬೆವರಿನ ವಾಸನೆ ಹಿಡಿದುಕೊಳ್ಳುವುದು. ಅಗ್ಗದ್ದಾದರೆ ಗಾಳಿಯಾಡದೆ ಮೈ ಬೇಯುತ್ತದೆ. ಅಂಗಡಿಯವರು ಹೇಳುವ ‘ಜಿ.ಎಸ್.ಎಂ.’ ಎಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಆಟದ ಅಂಗಿಗೆ 140ರಿಂದ 180ರ ಒಳಗಿದ್ದರೆ ನಡೆಯುತ್ತದೆ. ಅದಕ್ಕಿಂತ ತೀರಾ ತೆಳುವಾದರೆ ಬೆಳಕಿಗೆ ಹಿಡಿದಾಗ ಆಚೆ ಬದಿಯ ಕೈಬೆರಳು ಕಾಣುತ್ತದೆ. ಹುಡುಗಿಯರು ಮೊದಲು ನೋಡುವುದೇ ಅದನ್ನು. ಕಬಡ್ಡಿಗೆ ಕೊಂಚ ದಪ್ಪದ್ದು, ಮೈಗೆ ಹತ್ತಿರ ಕೂರುವಂಥದ್ದು ಬೇಕು. ಸಡಿಲ ಬಟ್ಟೆ ಎದುರಾಳಿಯ ಮುಷ್ಟಿಗೆ ಸಿಕ್ಕಿ ಹರಿಯುತ್ತದೆ. ಮೈಸೂರಿಗೆ ಟೆನಿಸ್ ಕಲಿಯಲು ಹೋಗುವ ಮಗುವಿನ ಚಡ್ಡಿಗೆ ಆಳವಾದ ಜೇಬು ಇದೆಯೇ ನೋಡಿ. ಎರಡನೇ ಸರ್ವ್‌ನ ಚೆಂಡು ಇಡುವುದು ಅಲ್ಲೇ.

ಮುದ್ರಣದಲ್ಲೂ ವ್ಯತ್ಯಾಸವಿದೆ. ಶಾಖ ಕೊಟ್ಟು ಬಣ್ಣವನ್ನು ನೂಲಿನೊಳಗೇ ಇಳಿಸುವ ಸಬ್ಲಿಮೇಷನ್ ವಿಧಾನದಲ್ಲಿ ಅಕ್ಷರ ಸುಲಿಯುವುದಿಲ್ಲ. ಆದರೆ ಅದು ಪಾಲಿಯೆಸ್ಟರಿಗೆ ಮಾತ್ರ. ಹತ್ತಿಯ ಮೇಲೆ ನಿಲ್ಲದು. ಹಾಳೆ ಅಂಟಿಸಿದ ನಂಬರು ಮೊದಲು ಹೊಳೆಯುತ್ತದೆ, ಇಸ್ತ್ರಿಪೆಟ್ಟಿಗೆ ಮುಟ್ಟಿದರೆ ಅಲ್ಲಿಗೆ ಮುಗಿಯಿತು.

ಬಣ್ಣ, ಹೆಸರು, ನಂಬರು

ಈಚಿನ ಹುಡುಗರಿಗೆ ಕಣ್ಣು ಕುಕ್ಕುವ ಹಳದಿ, ಗಿಳಿಹಸಿರು ಇಷ್ಟ. ಟೆನಿಸ್ ಬಾಲ್ ಕ್ರಿಕೆಟ್ ತಂಡದವರು ಒಂದು ಕ್ಷಣ ಯೋಚಿಸಲಿ. ಟಿ.ವಿ.ಯಲ್ಲಿ ಚೆನ್ನಾಗಿ ಕಾಣಲೆಂದು 1972ರಲ್ಲಿ ಟೆನಿಸ್ ಚೆಂಡಿಗೆ ಕೊಟ್ಟ ಬಣ್ಣವೇ ಅದು. ಬೌಲರನ ತೋಳೂ ಚೆಂಡೂ ಒಂದೇ ಬಣ್ಣವಾದರೆ ಎದುರಿನ ಬ್ಯಾಟ್ಸ್‌ಮನ್ ಪೇಚಾಡುತ್ತಾನೆ, ಅಂಪೈರ್ ಬಳಿ ತಕರಾರೂ ಏಳುತ್ತದೆ. ಹಳದಿಯೇ ಬೇಕೆಂದರೆ ಕೊರಳಪಟ್ಟಿಗೆ, ಪಕ್ಕದ ಪಟ್ಟೆಗೆ ಇಟ್ಟುಕೊಳ್ಳಲಿ. ಬಣ್ಣದ ಹುಚ್ಚು ಹೊಸದೇನಲ್ಲ. ಅಮೆರಿಕದ ಆಂಡ್ರೆ ಅಗಾಸಿ ಬಣ್ಣಬಣ್ಣದ ಬಟ್ಟೆಯ ಕಾಲದಲ್ಲಿ, 1988ರಿಂದ 1990ರವರೆಗೆ ವಿಂಬಲ್ಡನ್‌ನತ್ತ ತಲೆಹಾಕಿರಲಿಲ್ಲ. 1991ರಲ್ಲಿ ಬಂದಾಗ ಅಡಿಯಿಂದ ಮುಡಿಯವರೆಗೆ ಬಿಳಿ!

ಬೆನ್ನ ಮೇಲೆ ಹೆಸರು ಬೇಕು ಎನ್ನುವುದು ಇನ್ನೊಂದು ಆಸೆ. ಊರಿನ ಕ್ಲಬ್ಬಿನಲ್ಲಿ ತಲಾ ಇಷ್ಟೆಂದು ಹಣ ಹಾಕಿ ಹೊಲಿಸಿದರೆ ಹೆಸರು ಬರೆಸಿಕೊಳ್ಳಲಿ, ಅಂಗಿ ಅವರದೇ. ಶಾಲೆಯ ಜೆರ್ಸಿಯನ್ನು ಮುಂದಿನ ವರ್ಷ ಬೇರೊಬ್ಬ ತೊಡಬೇಕು, ಅಲ್ಲಿ ನಂಬರು ಸಾಕು. ಹೆಚ್ಚು ಹಣ ಕೊಟ್ಟವರಿಗೆ ಹೆಸರು, ಉಳಿದವರಿಗೆ ಬರೀ ನಂಬರು ಎಂಬ ಏರ್ಪಾಡು ಮಾತ್ರ ಖಂಡಿತ ಬೇಡ. ಒಂದೇ ತಂಡದಲ್ಲಿ ಎರಡು ಜಾತಿ ಮಾಡಿದಂತೆ. ದಾನಿಯ ಹೆಸರು ತೋಳಿನ ಮೇಲೆ ಬರಲಿ, ಎದೆಯ ಮೇಲೆ ಶಾಲೆಯ ಹೆಸರಿರಲಿ.

ಹಣದ ಮಾತೂ ಇದೆ. ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಬೆಳೆಯುವ ಮನೆಗಳ ಕೈಯಲ್ಲಿ ಕಾಸು ಆಡುವುದು ಹರಾಜು ಶುರುವಾದ ಮೇಲೆ. ಹೋಬಳಿ, ತಾಲ್ಲೂಕು ಮಟ್ಟದ ಪಂದ್ಯಗಳು ಸಾಮಾನ್ಯವಾಗಿ ಅದಕ್ಕೆ ಮೊದಲೇ ಬಂದುಬಿಡುತ್ತವೆ. ಆದ್ದರಿಂದ ಹಣ ಕೂಡಿಸುವುದನ್ನು ಹಿಂದಿನ ಬೇಸಿಗೆಯಲ್ಲೇ ಶುರುಮಾಡುವುದು ಜಾಣತನ. ಅಳತೆಯನ್ನು ಮಾತ್ರ ಆಗಲೇ ತೆಗೆಯಬೇಡಿ! ಈ ವಯಸ್ಸಿನವರು ಮೂರು ತಿಂಗಳಲ್ಲಿ ಒಂದು ಸೈಜು ದಾಟುತ್ತಾರೆ. ಆರ್ಡರ್ ಕೊಡುವ ವಾರ ಅಂಗಡಿಯಿಂದ 34, 36, 38, 40ರ ಮಾದರಿ ಅಂಗಿಗಳನ್ನು ತರಿಸಿ, ಪ್ರತಿಯೊಬ್ಬರೂ ತೊಟ್ಟು, ಎರಡು ಕೈ ಮೇಲೆತ್ತಿ, ಬಗ್ಗಿ ನೋಡಲಿ. ಹೊಟ್ಟೆಯೋ ಬೆನ್ನೋ ಕಂಡರೆ ಒಂದು ಸೈಜು ಮೇಲಿನದು. ಎರಡು ಜೆರ್ಸಿ ಹೆಚ್ಚಿಗೆ ಹೊಲಿಸಿಡಿ, ಕೊನೆಯ ಗಳಿಗೆಯಲ್ಲಿ ತಂಡ ಸೇರುವವರು ಇದ್ದೇ ಇರುತ್ತಾರೆ.

ಒಗೆಯುವ ಕೆಲಸವನ್ನು ಆಡಿದವರೇ ಮಾಡಲಿ. ಅಂದೇ ಸಂಜೆ, ಒಳಮಗ್ಗುಲು ಹೊರಗೆ ಮಾಡಿ, ತಣ್ಣೀರಿನಲ್ಲಿ. ಬ್ರಷ್ ಬೇಡ, ನೆರಳಲ್ಲಿ ಒಣಗಲಿ.